ತೋಟದಿಂದ ಹತ್ತಿ ಬರುವಾಗ ಆಯಿಗೆ ಎದೆ ಬಿಗಿತ: ಇದು ಪಿತ್ತವೋ, ಹೃದಯದ ತೊಂದರೆಯೋ?

ಪ್ರಶ್ನೆ: ಅಘನಾಶಿನಿ, ಕುಮಟಾ

ಎಲ್ಲರಿಗೂ ನಮಸ್ಕಾರ. ನಾನು ಕುಮಟೆಯಲ್ಲಿ ನೌಕರಿಯಲ್ಲಿದ್ದೇನೆ. ಅಪ್ಪಯ್ಯ ಮತ್ತು ಆಯಿ ಸಿದ್ದಾಪುರ ತಾಲೂಕಿನ ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಆಯಿಗೆ ಈಗ 61 ವರ್ಷ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ದಾಟಿದೆ, ಬಿ.ಪಿ. ಮಾತ್ರೆಯೂ ನಡೆಯುತ್ತಿದೆ. ನಮ್ಮ ಕಡೆಯ ಹೆಚ್ಚಿನ ಮನೆಗಳಂತೆ ನಮ್ಮ ಮನೆಯೂ ಮೇಲೆ, ತೋಟ ಕೆಳಗಿನ ಕಣಿವೆಯಲ್ಲಿ. ದಿನಕ್ಕೆ ಎರಡು ಸಲವಾದರೂ ಇಳಿದು ಹತ್ತುವುದು ಆಯಿಗೆ ಮದುವೆಯಾಗಿ ಬಂದಂದಿನಿಂದಲೂ ರೂಢಿ.

ಒಂದು ತಿಂಗಳಿಂದ ಈಚೆಗೆ, ಮಧ್ಯಾಹ್ನದ ಊಟ ಮುಗಿಸಿ ತೋಟಕ್ಕೆ ಹೋದವಳು ವಾಪಸು ಹತ್ತುವಾಗ ಹೊಟ್ಟೆಯ ಮೇಲ್ಭಾಗದಿಂದ ಗಂಟಲಿನವರೆಗೆ ಬಿಗಿದಂತಾಗುತ್ತದೆ, ಕೆಳದವಡೆ ಸೆಳೆಯುತ್ತದೆ, ಮೈ ಬೆವರುತ್ತದೆ ಎನ್ನುತ್ತಾಳೆ. ಬಿಡಿಸಿ ಕೇಳಿದರೆ "ನೋವಲ್ಲ, ಒಂದು ನಮೂನೆ ಸಂಕಟ" ಎಂಬ ಉತ್ತರ. ದಾರಿಯ ನಡುವೆ ಐದು ನಿಮಿಷ ಕುಳಿತರೆ ಪೂರ್ತಿ ಹೋಗುತ್ತದೆ, ಮತ್ತೆ ಎದ್ದು ಹತ್ತುತ್ತಾಳೆ. ಮೊದಲು ವಾರದಲ್ಲಿ ಎಂದೋ ಒಮ್ಮೆ ಆಗುತ್ತಿದ್ದುದು ಈಗ ಅಂಗಳ ಗುಡಿಸುವಾಗಲೂ, ಕೊಟ್ಟಿಗೆಯಿಂದ ಹಾಲು ಹಿಡಿದು ಬರುವಾಗಲೂ ಆಗುತ್ತಿದೆ ಎಂದು ಅಪ್ಪಯ್ಯ ಮೊನ್ನೆ ಫೋನಿನಲ್ಲಿ ಹೇಳಿದರು. ಆಯಿ ಮಾತ್ರ ಇದು ಪಿತ್ತವೇ ಎಂದು ಹಟ ಹಿಡಿದಿದ್ದಾಳೆ. ಜೀರಿಗೆ ಕಷಾಯವನ್ನೋ ಓಮದ ನೀರನ್ನೋ ಕುಡಿದು ಒಂದು ತೇಗು ಬಂದರೆ ಹಗುರವಾಗುತ್ತದೆ ಎಂಬುದೇ ಅವಳ ಸಾಕ್ಷಿ.

ಹತ್ತಿರದ ಪೇಟೆಯ ಒಂದು ಖಾಸಗಿ ದವಾಖಾನೆಯಲ್ಲಿ ಇಸಿಜಿ ತೆಗೆಸಿದ್ದೇವೆ. ನಾರ್ಮಲ್ ಎಂದು ಹೇಳಿ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಬರುವ ತಿಂಗಳು ತಂಗಿಯ ಮದುವೆ ಇರುವುದರಿಂದ ಅದು ಮುಗಿಯುವ ತನಕ ಇನ್ನು ಯಾವ ಆಸ್ಪತ್ರೆಯೂ ಬೇಡ ಎಂದು ಆಯಿ ನಿರ್ಧರಿಸಿಬಿಟ್ಟಿದ್ದಾಳೆ.

ಇಸಿಜಿ ನಾರ್ಮಲ್ ಬಂದ ಮೇಲೂ ಹೃದಯದ ತೊಂದರೆ ಇರಲು ಸಾಧ್ಯವೇ? ಮದುವೆಯವರೆಗೆ ಕಾಯಬಹುದೇ? ತೋರಿಸುವುದಾದರೆ ಮೊದಲು ಸಿದ್ದಾಪುರದಲ್ಲೋ ಶಿರಸಿಯಲ್ಲೋ ತೋರಿಸಬೇಕೇ, ಇಲ್ಲವೇ ನೇರವಾಗಿ ಮಣಿಪಾಲಕ್ಕೆ ಅಥವಾ ಹುಬ್ಬಳ್ಳಿಗೆ ಹೋಗಬೇಕೇ? ರಾತ್ರಿ ಹೊತ್ತಿನಲ್ಲಿ ಹೆಚ್ಚಾದರೆ ಮನೆಯಲ್ಲಿ ಅಪ್ಪಯ್ಯ ಒಬ್ಬರೇ ಇದ್ದು ಏನು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ನರ್ಸ್, ಅಂಕೋಲಾ

ನಿಮ್ಮ ಬರಹದಲ್ಲಿ ಒಂದು ಮಾತನ್ನು ಎರಡೆರಡು ಸಲ ಓದಿದೆ: ಹತ್ತುವಾಗ ಬರುತ್ತದೆ, ಕುಳಿತರೆ ಐದು ನಿಮಿಷದಲ್ಲಿ ಹೋಗುತ್ತದೆ. ತಾಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಈ ಮಾತು ರೋಗಿಯ ಬಾಯಿಂದ ಬಂದ ಕೂಡಲೇ ನಾವು ಪಿತ್ತದ ವಿಚಾರವನ್ನು ಬದಿಗಿಟ್ಟು ಹೃದಯದ ವಿಚಾರವನ್ನೇ ಮೊದಲು ಎತ್ತಿಕೊಳ್ಳುತ್ತಿದ್ದೆವು. ಹುಳಿತೇಗು, ಎದೆಯುರಿ ಇವು ಸಾಮಾನ್ಯವಾಗಿ ಉಂಡು ಮಲಗಿದಾಗ ಅಥವಾ ಬಗ್ಗಿ ಕೆಲಸ ಮಾಡುವಾಗ ಹೆಚ್ಚುತ್ತವೆ, ಬಂದರೆ ಗಂಟೆಗಟ್ಟಲೆ ಕಾಡುತ್ತವೆ. ಏರು ಹತ್ತಿದಾಗ ಬಂದು ನಿಂತ ಕೂಡಲೇ ಹೊರಟುಹೋಗುವುದು ಅವುಗಳ ಸ್ವಭಾವವಲ್ಲ. ಶ್ರಮದ ಜೊತೆಗೆ ಏರಿ ವಿಶ್ರಾಂತಿಯ ಜೊತೆಗೆ ಇಳಿಯುವ ಸಂಕಟ ಎದೆಯಲ್ಲಿರಲಿ, ದವಡೆಯಲ್ಲಿರಲಿ, ಕೈಯಲ್ಲಿರಲಿ, ಎರಡು ಹೆಗಲುಗಳ ನಡುವಿನ ಬೆನ್ನಿನಲ್ಲಿರಲಿ, ಹೊಟ್ಟೆಯ ಮೇಲ್ಭಾಗದಲ್ಲಿರಲಿ, ಅದು ಹೃದಯದ್ದಲ್ಲ ಎಂದು ಪರೀಕ್ಷೆಯಿಂದ ಖಾತ್ರಿಯಾಗುವವರೆಗೆ ಹೃದಯದ್ದೆಂದೇ ತಿಳಿದು ನಡೆಯಬೇಕು.

ತಾಯಿಯವರು "ನೋವಲ್ಲ" ಎನ್ನುತ್ತಾರೆಂದು ಸಮಾಧಾನ ಪಟ್ಟುಕೊಳ್ಳಬೇಡಿ. ಹೃದಯದ ತೊಂದರೆಯಿರುವ ಬಹಳ ಜನ ಅದನ್ನು ನೋವು ಎಂದು ಕರೆಯುವುದೇ ಇಲ್ಲ. ಬಿಗಿತ, ಭಾರ, ಹಿಂಡಿದಂತೆ, ಉಸಿರು ಸಿಕ್ಕಿಕೊಂಡಂತೆ ಎನ್ನುತ್ತಾರೆ, ಬೆರಳಿನಿಂದ ಒಂದು ಜಾಗ ತೋರಿಸುವ ಬದಲು ಇಡೀ ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ಮೇಲಿಟ್ಟು ತೋರಿಸುತ್ತಾರೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಬಹುಕಾಲದ ಸಕ್ಕರೆ ಕಾಯಿಲೆಯಿಂದ ನರಗಳ ಅರಿವು ಮಂದವಾದವರಲ್ಲಿ ಎದೆನೋವೇ ಇಲ್ಲದೆ ಬರೀ ಆಯಾಸ, ಏದುಸಿರು, ಹೊಟ್ಟೆ ತೊಳಸುವುದು, ತಣ್ಣನೆ ಬೆವರು ಇಷ್ಟೇ ಕಾಣಿಸಿಕೊಳ್ಳುವುದುಂಟು. ನಿಮ್ಮ ತಾಯಿಯವರು ಈ ಮೂರು ಗುಂಪಿಗೂ ಸೇರಿದವರು. ತೇಗು ಬಂದು ಹಗುರವಾಯಿತು ಎಂಬುದನ್ನು ಕೂಡ ಸಾಕ್ಷಿಯಾಗಿ ಹಿಡಿಯುವಂತಿಲ್ಲ, ಏಕೆಂದರೆ ಕಷಾಯ ಕುದಿಸಿ ಕುಡಿದು ತೇಗುವಷ್ಟರಲ್ಲಿ ಅವರು ಹೇಗೂ ಕುಳಿತು ವಿಶ್ರಾಂತಿ ಪಡೆದಿರುತ್ತಾರೆ. ಇಳಿಸಿದ್ದು ಕಷಾಯವೋ ವಿಶ್ರಾಂತಿಯೋ ಎಂದು ಮನೆಯಲ್ಲಿ ಕುಳಿತು ಹೇಳಲಾಗದು. ನಿಜವಾದ ಹೃದಯಾಘಾತದಲ್ಲಿಯೂ ತೇಗು, ವಾಂತಿ ಬರುತ್ತವೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಿದೆ. ನಮ್ಮ ಜನ ಚೀಟಿ ಮಾಡಿಸಿ ಡಾಕ್ಟರ ಮುಂದೆ ಕುಳಿತ ಕೂಡಲೇ "ಗ್ಯಾಸ್ ಆಗಿದೆ" ಎಂದು ರೋಗದ ಹೆಸರನ್ನೇ ಹೇಳಿಬಿಡುತ್ತಾರೆ. ನೂರು ಜನರ ಸಾಲು ಹೊರಗೆ ನಿಂತಿರುವಾಗ ಆ ಒಂದು ಮಾತು ಇಡೀ ತಪಾಸಣೆಯ ದಾರಿಯನ್ನೇ ತಿರುಗಿಸಬಲ್ಲದು. ನೀವು ಹೋಗುವಾಗ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ: ಏನು ಮಾಡುವಾಗ ಬರುತ್ತದೆ, ಎಲ್ಲಿಂದ ಎಲ್ಲಿಗೆ ಹರಡುತ್ತದೆ, ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ, ಮೊದಲಿಗಿಂತ ಹೆಚ್ಚಾಗಿದೆಯೇ, ಈಗ ಯಾವ ಮಾತ್ರೆಗಳು ನಡೆಯುತ್ತಿವೆ. ತಾಯಿಯವರು "ಎಂತದೂ ಇಲ್ಲ" ಎಂದು ನಗುತ್ತಾ ಹೇಳಿದರೂ ಆ ಕಾಗದ ಅವರ ಪರವಾಗಿ ನಿಜ ಹೇಳುತ್ತದೆ. ಸಂಜೆ ಹೊತ್ತಿಗೆ ಪಾದ ಊದುವುದು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುವುದು, ಎದೆ ಡವಗುಟ್ಟಿ ಕಣ್ಣು ಕತ್ತಲೆ ಬರುವುದು, ಇವು ಇದ್ದರೆ ಅವನ್ನೂ ಬರೆಯಿರಿ.

ಉತ್ತರ: ಬೆಳೆಗಾರ, ಸಿದ್ದಾಪುರ ತಾಲೂಕು

ಸಿಸ್ಟರ್ ಹೇಳಿದ್ದರಲ್ಲಿ ಒಂದಕ್ಷರವನ್ನೂ ತೆಗೆಯುವಂತಿಲ್ಲ. ನಿಮ್ಮ ಊರಿನ ಆಸುಪಾಸಿನವನೇ ಆದ್ದರಿಂದ ದಾರಿಯ ವಿಷಯ ಹೇಳುತ್ತೇನೆ. ನಮ್ಮಲ್ಲಿ ಕಾಯಿಲೆಗಿಂತ ದೂರವೇ ಜನರನ್ನು ಹೆಚ್ಚು ಸೋಲಿಸಿದೆ. ಸಿದ್ದಾಪುರದಿಂದ ಶಿರಸಿ ಮುಟ್ಟಬೇಕು, ಶಿರಸಿಯಿಂದ ಹುಬ್ಬಳ್ಳಿಗೆ ಮತ್ತೆ ಸುಮಾರು 100 ಕಿ.ಮೀ.; ಹೊನ್ನಾವರಕ್ಕೆ ಇಳಿದು ಮಣಿಪಾಲಕ್ಕೆ ಹೋಗುತ್ತೇವೆಂದರೆ ಘಟ್ಟ ಇಳಿದ ಮೇಲೆಯೇ 100 ಕಿ.ಮೀ.ಗಿಂತ ಹೆಚ್ಚು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತದ್ದು, ಆಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಹಲವು ದಿನ ಬಂದಾಗಿತ್ತು. ಇಂಥ ಜಿಲ್ಲೆಯಲ್ಲಿರುವವರು ಹೃದಯದ ವಿಷಯದಲ್ಲಿ ಕಾದು ನೋಡುವಂತೆಯೇ ಇಲ್ಲ.

ಮನೆಯಲ್ಲಿ ಮಾಡಿಡಬೇಕಾದ ಸಿದ್ಧತೆಯೂ ಇದೆ. ರಾತ್ರಿ ಕರೆದರೆ ಬರುವ ಎರಡು ವಾಹನದವರ ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ, ಏಕೆಂದರೆ ಅವಸರದಲ್ಲಿ ಹಿರಿಯರಿಗೆ ಮೊಬೈಲಿನೊಳಗಿನ ಹೆಸರು ಹುಡುಕಲು ಆಗುವುದಿಲ್ಲ. ನೆಟ್‌ವರ್ಕ್ ಸಿಗುವುದು ಅಂಗಳದ ಯಾವ ಮೂಲೆಯಲ್ಲಿ ಎಂಬುದು ಅಪ್ಪಯ್ಯನವರಿಗೆ ಗೊತ್ತಿರಲಿ. ಹಳೆಯ ಇಸಿಜಿ, ರಕ್ತ ಪರೀಕ್ಷೆಯ ಕಾಗದ, ಮಾತ್ರೆಗಳ ಪಟ್ಟಿ, ಆಧಾರ್ ಮತ್ತು ರೇಷನ್ ಕಾರ್ಡಿನ ಪ್ರತಿ, ಇವೆಲ್ಲ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ. ವಾಹನ ಅಂಗಳಕ್ಕೆ ಬರದ ಮನೆಯಾದರೆ ರಸ್ತೆಯವರೆಗೆ ಅವರನ್ನು ಖಂಡಿತ ನಡೆಸಬೇಡಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಹೋಗಬೇಕು. ಎದೆ ಹಿಡಿದುಕೊಂಡವರನ್ನು ಬೈಕಿನ ಹಿಂದೆ ಕೂರಿಸಿ ಪೇಟೆಗೆ ಒಯ್ಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಗತಿಯೇನು?

ಇಷ್ಟು ಹೇಳಿ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ: ನಡುವೆ ಎಲ್ಲೂ ನಿಲ್ಲದೆ ನೇರವಾಗಿ ಮಣಿಪಾಲಕ್ಕೇ ಕರೆದುಕೊಂಡು ಹೋಗಿ. ಸಣ್ಣ ಆಸ್ಪತ್ರೆಗಳಲ್ಲಿ ಹೊತ್ತು ಕಳೆದು ಕೊನೆಗೆ ಅಲ್ಲಿಗೇ ಕಳಿಸುತ್ತಾರೆ.

ಉತ್ತರ: ವೈದ್ಯ, ಕಾರವಾರ

ನಾನು ಫಿಸಿಶಿಯನ್. ರೋಗಿಯನ್ನು ಕಾಣದೆ ರೋಗ ನಿರ್ಣಯ ಮಾಡಲಾಗದು, ಆದರೆ ನೀವು ಬರೆದ ಲಕ್ಷಣಗಳನ್ನು ಕೇಳಿದ ಯಾವ ವೈದ್ಯನೂ ಮದುವೆಯವರೆಗೆ ಕಾಯಿರಿ ಎನ್ನಲಾರ. ನಾಳೆ ಬೆಳಿಗ್ಗೆಯೇ ಕರೆದೊಯ್ಯಿರಿ. ಅದಕ್ಕೆ ಮೊದಲು ಸಂಕಟ ಕುಳಿತಿದ್ದಾಗಲೇ ಬಂದರೆ ಅಥವಾ ಕುಳಿತರೂ ಹೋಗದಿದ್ದರೆ ಬೆಳಗಾಗುವುದನ್ನೂ ಕಾಯಬೇಡಿ.

ಕಾರಣ ಹೇಳುತ್ತೇನೆ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಒಳಗೆ ಕೊಬ್ಬು ಕಟ್ಟಿ ಕಿರಿದಾದಾಗ ವಿಶ್ರಾಂತಿಯಲ್ಲಿ ಸಾಕಾಗುವ ರಕ್ತ ಶ್ರಮದಲ್ಲಿ ಸಾಕಾಗುವುದಿಲ್ಲ. ಆಗ ಹುಟ್ಟುವ ಸಂಕಟಕ್ಕೆ ಆಂಜೈನಾ ಎನ್ನುತ್ತೇವೆ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಷ್ಟು ಹಿಂದೆಯೇ ಇದನ್ನು ವಿವರಿಸುವಾಗ, ಅದು ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟವಾದ ಸ್ವಲ್ಪ ಹೊತ್ತಿನಲ್ಲಿ ಬರುತ್ತದೆಂದೂ ನಿಂತೊಡನೆ ಮಾಯವಾಗುತ್ತದೆಂದೂ ಗುರುತಿಸಿದ್ದ. ಉಂಡ ಮೇಲೆ ಜೀರ್ಣಾಂಗಗಳಿಗೆ ಹೆಚ್ಚು ರಕ್ತ ಬೇಕಾಗಿ ಹೃದಯದ ಕೆಲಸ ಹೆಚ್ಚುತ್ತದೆ, ಅದರ ಮೇಲೆ ಏರು ಹತ್ತಿದರೆ ಇನ್ನಷ್ಟು ಹೆಚ್ಚುತ್ತದೆ. ಊಟದ ನಂತರ ಬರುತ್ತದೆ, ಆದ್ದರಿಂದ ಹೊಟ್ಟೆಯದ್ದು ಎಂಬ ನಮ್ಮ ಮನೆಮನೆಯ ತರ್ಕ ಎಷ್ಟು ಜನರ ಚಿಕಿತ್ಸೆಯನ್ನು ತಡಮಾಡಿದೆಯೆಂದು ಯೋಚಿಸಿದರೆ ಬೇಸರವಾಗುತ್ತದೆ.

ಆಂಜೈನಾದಲ್ಲಿ ಎರಡು ಬಗೆ. ತಿಂಗಳುಗಟ್ಟಲೆ ಅಷ್ಟೇ ದೂರ ನಡೆದರೆ ಅಷ್ಟೇ ಬಂದು ಅಷ್ಟರಲ್ಲೇ ಹೋಗುವುದು ಸ್ಥಿರವಾದದ್ದು. ಅದಕ್ಕೂ ಚಿಕಿತ್ಸೆ ಬೇಕು, ಆದರೆ ಪರೀಕ್ಷೆಗೆ ಕೆಲವು ದಿನ ಸಿಗುತ್ತದೆ. ಹೊಸದಾಗಿ ಶುರುವಾಗಿ, ದಿನದಿಂದ ದಿನಕ್ಕೆ ಹೆಚ್ಚುತ್ತಾ, ಕಡಿಮೆ ಕಡಿಮೆ ಶ್ರಮಕ್ಕೂ ಬರುವುದು ಅಸ್ಥಿರವಾದದ್ದು. ನಾಳದೊಳಗಿನ ಕೊಬ್ಬಿನ ಪದರ ಬಿರಿದು ಅದರ ಮೇಲೆ ರಕ್ತ ಹೆಪ್ಪುಗಟ್ಟಲು ಹವಣಿಸುತ್ತಿರುವ ಸ್ಥಿತಿ ಇದು; ಪೂರ್ತಿ ಹೆಪ್ಪುಗಟ್ಟಿದರೆ ಹೃದಯಾಘಾತ. ಗುಡ್ಡ ಹತ್ತುವಾಗ ಬರುತ್ತಿದ್ದುದು ಅಂಗಳ ಗುಡಿಸುವಾಗಲೂ ಬರುತ್ತಿದೆ ಎಂಬ ನಿಮ್ಮ ಅಪ್ಪಯ್ಯನವರ ಮಾತೇ ಇಡೀ ಪ್ರಶ್ನೆಯ ತಿರುಳು.

ಇಸಿಜಿಯ ವಿಷಯ. ಸಂಕಟವಿಲ್ಲದ ಹೊತ್ತಿನಲ್ಲಿ, ಮಲಗಿಸಿ ತೆಗೆದ ಇಸಿಜಿ ಆಂಜೈನಾ ಇರುವ ಬಹಳಷ್ಟು ಜನರಲ್ಲಿ ಸಹಜವಾಗಿಯೇ ಇರುತ್ತದೆ, ಏಕೆಂದರೆ ಆ ಹತ್ತು ಸೆಕೆಂಡುಗಳಲ್ಲಿ ಹೃದಯ ಹೇಗಿತ್ತು ಎಂಬುದನ್ನಷ್ಟೇ ಅದು ತೋರಿಸುತ್ತದೆ. ಹೃದಯಾಘಾತದ ಆರಂಭದಲ್ಲಿ ಕೂಡ ಮೊದಲ ಇಸಿಜಿ ಸರಿಯಾಗಿ ಕಂಡು ಅರ್ಧ ಗಂಟೆಯ ನಂತರದ್ದು ಬದಲಾಗಿರುವುದುಂಟು. ಆದ್ದರಿಂದ ಮತ್ತೆ ಮತ್ತೆ ತೆಗೆಯಬೇಕು, ಸಂಕಟ ಬಂದಾಗ ತಪ್ಪದೆ ತೆಗೆಯಬೇಕು, ಜೊತೆಗೆ ರಕ್ತದಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನ್ ನೋಡಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾದ ಮೂರರಿಂದ ಆರು ಗಂಟೆಗಳಲ್ಲಿ ಅದರ ಮಟ್ಟ ಏರುವುದರಿಂದ ಒಂದೇ ಸಲ ನೋಡಿ ಬಿಡದೆ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿದರೆ ಹೃದಯದ ಬಡಿತದ ಬಲ ತಿಳಿಯುತ್ತದೆ. ಟ್ರೆಡ್‌ಮಿಲ್ ಮೇಲೆ ಓಡಿಸುವ ಪರೀಕ್ಷೆಯನ್ನು ಅಸ್ಥಿರ ಸ್ಥಿತಿಯಲ್ಲಿ ಮಾಡಬಾರದು. ಯಾರಾದರೂ ಪ್ಯಾಕೇಜ್ ತಪಾಸಣೆಯೆಂದು ಅದನ್ನು ಬರೆದುಕೊಟ್ಟರೆ ಈ ಲಕ್ಷಣಗಳನ್ನು ಮೊದಲು ತಿಳಿಸಿ.

ಬೆಳೆಗಾರರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಅವರ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸಂಕಟವಿಲ್ಲದ ಹೊತ್ತಿನಲ್ಲಿ ಆಂಜಿಯೋಗ್ರಾಂ (ನಾಳಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ) ಮಾಡಿಸಲು ಯೋಜಿಸಿಕೊಂಡು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ, ನಮ್ಮ ಕಾರವಾರದವರಾದರೆ ಗೋವೆಯ ಬಾಂಬೋಳಿಯ ಸರಕಾರಿ ಆಸ್ಪತ್ರೆಗೋ ಹೋಗುವುದು ಬೇರೆ. ಎದೆ ಹಿಡಿದುಕೊಂಡಾಗ ಹೋಗುವುದು ಬೇರೆ. ನಾಳ ಪೂರ್ತಿ ಮುಚ್ಚಿದರೆ ಸ್ನಾಯು ಸಾಯತೊಡಗುವುದಕ್ಕೆ ಅರ್ಧ ಗಂಟೆ ಸಾಕು, ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚಿನ ನಷ್ಟ ಆಗಿಹೋಗುತ್ತದೆ. ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ಇಂಜೆಕ್ಷನ್ ಲಕ್ಷಣ ಶುರುವಾದ 12 ಗಂಟೆಗಳವರೆಗೆ ಉಪಯೋಗಕ್ಕೆ ಬರುತ್ತದಾದರೂ ಮೊದಲ ಎರಡು ಮೂರು ಗಂಟೆಗಳಲ್ಲಿ ಕೊಟ್ಟರೆ ಸಿಗುವ ಲಾಭ ಆಮೇಲೆ ಸಿಗುವುದಿಲ್ಲ. ಆಸ್ಪತ್ರೆ ಮುಟ್ಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು; ನಾಳ ಮುಚ್ಚಿದ್ದು ಖಚಿತವಾಗಿ, 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಬಲೂನಿನಿಂದ ನಾಳ ತೆರೆಯುವ ಚಿಕಿತ್ಸೆ) ಆಗುವ ಸಾಧ್ಯತೆ ಇಲ್ಲದಿದ್ದರೆ ಇಂಜೆಕ್ಷನ್ ಅಲ್ಲೇ ಕೊಟ್ಟು, ಆಮೇಲೆ ಒಂದು ದಿನದೊಳಗೆ ಆಂಜಿಯೋಗ್ರಾಂ ಆಗುವಂತೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಸಿದ್ದಾಪುರದ ಹಳ್ಳಿಯಿಂದ ಎರಡು ಗಂಟೆಯಲ್ಲಿ ಮಣಿಪಾಲದ ಕ್ಯಾಥ್‌ಲ್ಯಾಬಿನ (ಆ ಚಿಕಿತ್ಸೆ ಮಾಡುವ ಕೋಣೆಯ) ಮೇಜಿನ ಮೇಲೆ ರೋಗಿ ಇರುವುದು ಸಾಧ್ಯವಿಲ್ಲ. ಈ ದೂರವನ್ನು ಎಣಿಸಿಯೇ ಸರಕಾರ ಡಾ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಕೂಡಲೇ ತಜ್ಞರು ದೂರದಿಂದಲೇ ಓದುವ, ಈ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ರಾತ್ರಿಯೂ ಸಿಗುತ್ತದೆಂದು ಇಂದೇ ವಿಚಾರಿಸಿ ಇಟ್ಟುಕೊಳ್ಳಿ. ತುರ್ತಿನಲ್ಲಿ ಮೊದಲು ಅಲ್ಲಿಗೆ. 108ಕ್ಕೆ ಕರೆ ಮಾಡುವಾಗ "ಎದೆನೋವು, ಬೆವರು, ಸಕ್ಕರೆ ಕಾಯಿಲೆ ಇದೆ" ಎಂದು ಸ್ಪಷ್ಟವಾಗಿ ಹೇಳಬೇಕು.

ಇನ್ನು ಅಪ್ಪಯ್ಯನವರು ಒಬ್ಬರೇ ಇದ್ದಾಗ. ಸಂಕಟ ಬಂದ ಕೂಡಲೇ ತಾಯಿಯವರನ್ನು ಗೋಡೆಗೆ ಒರಗಿಸಿ ಕೂರಿಸಲಿ, ಓಡಾಡಲು ಬಿಡಬಾರದು, ಕಷಾಯ ಕಾಯಿಸಲು ಹೋಗಬಾರದು. ಐದು ನಿಮಿಷದಲ್ಲಿ ಇಳಿಯದಿದ್ದರೆ ಕರೆ ಮಾಡಬೇಕು. ವಿಶ್ರಾಂತಿಯಲ್ಲಿದ್ದಾಗಲೇ ಬಂದಿದ್ದರೆ ಆ ಐದು ನಿಮಿಷವೂ ಬೇಡ. ಆಸ್ಪಿರಿನ್ ಅಲರ್ಜಿ, ಹೊಟ್ಟೆಹುಣ್ಣಿನ ರಕ್ತಸ್ರಾವ, ರಕ್ತ ತೆಳುವಾಗಿಸುವ ಬೇರೆ ಮಾತ್ರೆ ಇವು ಯಾವುವೂ ಇಲ್ಲದಿದ್ದರೆ, ಬಾಯಿ ಸೊಟ್ಟಗಾಗುವುದು ಅಥವಾ ಕೈಕಾಲು ಬೀಳುವಂಥ ಪಾರ್ಶ್ವವಾಯುವಿನ ಲಕ್ಷಣ ಇಲ್ಲದಿದ್ದರೆ, ಸುಮಾರು 300 ಮಿ.ಗ್ರಾಂ. ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಬಹುದು. ನಾಳೆ ವೈದ್ಯರನ್ನು ಕಂಡಾಗ ಇದು ನಿಮ್ಮ ತಾಯಿಗೆ ಆಗುತ್ತದೆಯೇ ಎಂದು ಕೇಳಿ ಬರೆಸಿಕೊಳ್ಳಿ. ನಾಲಿಗೆಯ ಕೆಳಗಿಡುವ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ರಕ್ತದೊತ್ತಡವನ್ನು ದಿಢೀರನೆ ಇಳಿಸಬಲ್ಲದು, ಆದ್ದರಿಂದ ನೆರೆಮನೆಯವರ ಡಬ್ಬಿಯಿಂದ ತಂದು ಇಡಬೇಡಿ, ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ಕೂರಿಸಿ ಇಡಬೇಕು. ಪ್ರಜ್ಞೆ ತಪ್ಪಿ ಸಹಜ ಉಸಿರಾಟ ನಿಂತರೆ ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲದಂತೆ, ಎದೆ ಐದಾರು ಸೆಂ.ಮೀ. ಕುಸಿಯುವಷ್ಟು ಬಲವಾಗಿ, ನೆರವು ಬರುವವರೆಗೆ ಒತ್ತುತ್ತಿರಬೇಕು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೆ ಬಹಳ ಮನೆಗಳಲ್ಲಿ ಬಾಯಿಬಿಡದ ಕಾರಣ ಅದೇ ಆಗಿರುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬವಾದರೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರಕಾರ ಭರಿಸುತ್ತದೆ. ತುರ್ತಲ್ಲದಾಗ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ಶಿರಸಿಯಲ್ಲೋ ಸಿದ್ದಾಪುರದಲ್ಲೋ ಮೊದಲು ತೋರಿಸುವುದು ಆ ದೃಷ್ಟಿಯಿಂದಲೂ ಒಳ್ಳೆಯದು. ಸಹಕಾರಿ ಸೊಸೈಟಿಯ ಸದಸ್ಯರಾಗಿದ್ದರೆ ಅವರಿಗಾಗಿ ಇರುವ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡ್ ಇದೆಯೇ ನೋಡಿ.

ಉತ್ತರ: ಬೈತಖೋಲದ ಮೀನುಗಾರರ ಮನೆಯವಳು, ಕಾರವಾರ

ಡಾಕ್ಟರೇ, ನಮ್ಮ ಮನೆಯ ಗಂಡಸರು ದೋಣಿಯ ಮೇಲೆ ರಾತ್ರಿಗಟ್ಟಲೆ ಇರುತ್ತಾರೆ, ಬಲೆ ಎಳೆಯುವಾಗ ಎದೆ ಹಿಡಿದರೆ ರಟ್ಟೆ ನೋವೆಂದು ಸುಮ್ಮನಾಗುತ್ತಾರೆ. ನಲವತ್ತು ತುಂಬದವರಿಗೂ ಹೀಗಾದದ್ದನ್ನು ಬಂದರಿನಲ್ಲಿ ಕೇಳಿದ್ದೇವೆ. ನಡು ಸಮುದ್ರದಲ್ಲಿ ಆದರೆ ಏನು ಮಾಡಬೇಕು ಎಂದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಉತ್ತರ: ವೈದ್ಯ, ಕಾರವಾರ

ಅಕ್ಕಾ, ರಟ್ಟೆಯ ನೋವು ಕೈ ಆಡಿಸಿದರೆ, ಒತ್ತಿದರೆ ಹೆಚ್ಚುತ್ತದೆ. ಬೆವರು ಮತ್ತು ಏದುಸಿರಿನ ಜೊತೆಗೆ ಬರುವುದಿಲ್ಲ. ಬೆವರಿನ ಸಮೇತ ಎದೆ ಬಿಗಿದರೆ ಆ ಮನುಷ್ಯನಿಂದ ಬಲೆ ಬಿಡಿಸಿ ಕೂರಿಸಬೇಕು, ದೋಣಿಯನ್ನು ದಡಕ್ಕೆ ತಿರುಗಿಸಬೇಕು, ಮೀನು ಸಿಕ್ಕಿತೋ ಇಲ್ಲವೋ ನೋಡಬಾರದು. ವಿಎಚ್‌ಎಫ್ ರೇಡಿಯೋ ಇದ್ದರೆ 16ನೆಯ ಚಾನೆಲ್‌ನಲ್ಲಿ ಕರೆಯಬೇಕು, ಮೊಬೈಲ್ ಸಿಗುವ ದೂರದಲ್ಲಿದ್ದರೆ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಬೇಕು. ದೋಣಿ ಬಂದರು ಮುಟ್ಟುವ ಮೊದಲೇ 108 ಅಲ್ಲಿ ಬಂದು ನಿಂತಿರುವಂತೆ ಮನೆಯವರು ದಡದಿಂದ ವ್ಯವಸ್ಥೆ ಮಾಡಿದರೆ ಬಹಳ ಹೊತ್ತು ಉಳಿಯುತ್ತದೆ. ಆಸ್ಪಿರಿನ್ ವಿಷಯದಲ್ಲಿ ಮೇಲೆ ಹೇಳಿದ್ದೇ ಇಲ್ಲಿಯೂ ಅನ್ವಯಿಸುತ್ತದೆ.

ಪ್ರಶ್ನೆ ಕೇಳಿದವರಿಂದ: ಅಘನಾಶಿನಿ, ಕುಮಟಾ

ಎಲ್ಲರಿಗೂ ಋಣಿಯಾಗಿದ್ದೇನೆ. ಸಿಸ್ಟರ್ ಹೇಳಿದಂತೆ ಬರೆದುಕೊಂಡ ಕಾಗದವನ್ನು ಶಿರಸಿಯ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರ ಕೈಗೆ ಕೊಟ್ಟೆ; ಅವರು ಅದನ್ನು ಓದಿ ಆಯಿಯನ್ನು ಆ ಕೂಡಲೇ ದಾಖಲು ಮಾಡಿಕೊಂಡರು. ಬಂದ ಕೂಡಲೇ ತೆಗೆದ ಇಸಿಜಿ ಆಗಲೂ ಸರಿಯಾಗಿಯೇ ಇತ್ತು. ಸಂಜೆ ಬಚ್ಚಲಿಗೆ ಹೋಗಿ ಬಂದಾಗ ಮತ್ತೆ ಸಂಕಟ ಬಂತು, ಆ ಹೊತ್ತಿನಲ್ಲಿ ತೆಗೆದದ್ದರಲ್ಲಿ ಬದಲಾವಣೆ ಕಂಡಿತು. ಟ್ರೋಪೋನಿನ್ ಎರಡೂ ಸಲ ಏರಿರಲಿಲ್ಲ. ಮರುದಿನ ಹುಬ್ಬಳ್ಳಿಗೆ ಕಳಿಸಿದರು, ಅಲ್ಲಿ ಹೃದಯದ ಎಡಭಾಗದ ಮುಖ್ಯ ನಾಳವೊಂದು ಬಹಳ ಕಿರಿದಾಗಿದೆಯೆಂದು ಆಂಜಿಯೋಗ್ರಾಂನಲ್ಲಿ ಗೊತ್ತಾಗಿ ಸ್ಟೆಂಟ್ ಹಾಕಿದ್ದಾರೆ. ಹೃದಯದ ಸ್ನಾಯುವಿಗೆ ಪೆಟ್ಟಾಗಿಲ್ಲ ಎಂದಿದ್ದಾರೆ.

ಈಗ ಎರಡು ಹೊಸ ಚಿಂತೆಗಳು. ಆಯಿಗೆ ಸಂಕಟ ಪೂರ್ತಿ ಹೋಗಿರುವುದರಿಂದ ಇಷ್ಟೊಂದು ಮಾತ್ರೆ ಏಕೆ, ಮದುವೆ ಮನೆಯ ಗಡಿಬಿಡಿಯಲ್ಲಿ ನಾಲ್ಕು ದಿನ ಬಿಟ್ಟರೆ ಏನಾಗುತ್ತದೆ ಎನ್ನುತ್ತಿದ್ದಾಳೆ. ಎರಡನೆಯದು ತಮ್ಮನ ವಿಷಯ: ಅವನಿಗೆ 38, ಕವಳಕ್ಕೆ (ಎಲೆಅಡಿಕೆಗೆ) ತಂಬಾಕು ಹಾಕುವ ಅಭ್ಯಾಸ ಬಹಳ ವರ್ಷಗಳದ್ದು, ಬೀಡಿ ಸಿಗರೇಟು ಇಲ್ಲವಾದ್ದರಿಂದ ತನಗೆ ಭಯವಿಲ್ಲ ಎಂಬುದು ಅವನ ವಾದ. ಅವನಿಗೆ ಯಾವ ಪರೀಕ್ಷೆ ಮಾಡಿಸಬೇಕು?

ಉತ್ತರ: ನಿವೃತ್ತ ನರ್ಸ್, ಅಂಕೋಲಾ

ಓದಿ ಮನಸ್ಸು ಹಗುರವಾಯಿತು. ಮದುವೆ ಮನೆಯಲ್ಲಿ ತಾಯಿಯವರ ಮಾತ್ರೆಯ ಜವಾಬ್ದಾರಿಯನ್ನು ಮದುಮಗಳಿಗೂ ಅಡುಗೆಗೂ ಸಂಬಂಧವಿಲ್ಲದ ಒಬ್ಬರಿಗೆ ವಹಿಸಿ, ನಿಮ್ಮ ತಮ್ಮನೇ ಆದರೆ ಇನ್ನೂ ಒಳ್ಳೆಯದು.

ಉತ್ತರ: ವೈದ್ಯ, ಕಾರವಾರ

ಸ್ನಾಯು ಉಳಿದಿದೆ ಎಂಬುದು ಬಹಳ ದೊಡ್ಡ ಮಾತು.

ಮಾತ್ರೆಗಳ ವಿಷಯದಲ್ಲಿ ಆಯಿಗೆ ಹೀಗೆ ಹೇಳಿ. ಸ್ಟೆಂಟ್ ಎಂಬುದು ಲೋಹದ ಜಾಲರಿ. ಅದರ ಮೇಲೆ ನಾಳದ ಒಳಪೊರೆ ಬೆಳೆದು ಮುಚ್ಚುವವರೆಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ, ಅದನ್ನು ತಡೆಯುವುದಕ್ಕೆಂದೇ ಆಸ್ಪಿರಿನ್ನಿನ ಜೊತೆಗೆ ಎರಡನೆಯ ಮಾತ್ರೆಯನ್ನೂ ಕೊಟ್ಟಿರುತ್ತಾರೆ. ಇಂಥ ಸಂದರ್ಭದಲ್ಲಿ ಎರಡನ್ನೂ ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ, ಆಮೇಲೆ ಒಂದನ್ನು ಮುಂದುವರಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ಕೆಲವು ದಿನ ಬಿಟ್ಟರೂ ಸ್ಟೆಂಟ್ ದಿಢೀರನೆ ಮುಚ್ಚಿ ದೊಡ್ಡ ಹೃದಯಾಘಾತ ಆಗಬಹುದು. ಹಲ್ಲು ಕೀಳಿಸುವುದಿದ್ದರೂ ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಕೊಲೆಸ್ಟರಾಲಿನ ಮಾತ್ರೆ ವರದಿ ಸರಿ ಬಂದ ಮೇಲೆಯೂ ನಡೆಯಬೇಕು, ಏಕೆಂದರೆ ಬೇರೆ ನಾಳಗಳಲ್ಲಿರುವ ಕೊಬ್ಬಿನ ಪದರವನ್ನು ಸ್ಥಿರವಾಗಿ ಇಡುವುದೂ ಅದರ ಕೆಲಸ. ತೋಟಕ್ಕೆ ಇಳಿದು ಹತ್ತುವುದನ್ನು ಶಾಶ್ವತವಾಗಿ ಬಿಡಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ಮರುತಪಾಸಣೆ ಆದ ಮೇಲೆ ಅವರು ಹೇಳಿದಂತೆ ಮೊದಲು ಸಮತಟ್ಟಿನಲ್ಲಿ, ಆಮೇಲೆ ನಿಧಾನವಾಗಿ ಏರಿನಲ್ಲಿ ರೂಢಿ ಮಾಡಿಕೊಳ್ಳಲಿ, ಊಟವಾದ ಕೂಡಲೇ ಮಾತ್ರ ಬೇಡ. ಹಳೆಯ ಸಂಕಟ ಒಮ್ಮೆ ಬಂದರೂ ಅದೇ ದಿನ ತೋರಿಸಬೇಕು.

ತಮ್ಮನ ವಾದ ಸರಿಯಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಮುಂದುವರಿಕೆಯಲ್ಲಿ ಜಗಿಯುವ ತಂಬಾಕಿನಿಂದಲೂ ಹೃದಯಾಘಾತದ ಅಪಾಯ ಹೆಚ್ಚುವುದು ಕಂಡುಬಂದಿದೆ. ಅದೇ ಅಧ್ಯಯನದಲ್ಲಿ ನಮ್ಮ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ಮಧ್ಯಕ ವಯಸ್ಸು (ಅರ್ಧ ಜನರಿಗೆ ಅದಕ್ಕೂ ಮೊದಲೇ ಆಗಿರುತ್ತದೆ) 53 ಇದ್ದರೆ ಉಳಿದವರದ್ದು ಸುಮಾರು 59 ಇತ್ತು. ತಾಯಿಗೆ 65ರ ಒಳಗೆ ಈ ಕಾಯಿಲೆ ಬಂದಿರುವುದರಿಂದ ನಿಮಗೆ, ತಮ್ಮನಿಗೆ, ತಂಗಿಗೆ ಮೂವರಿಗೂ ಅಪಾಯ ಉಳಿದವರಿಗಿಂತ ಹೆಚ್ಚು. ಹಾಗೆಂದು ಲಕ್ಷಣವೇ ಇಲ್ಲದ 38ರ ಗಂಡಸಿಗೆ ಆಂಜಿಯೋಗ್ರಾಂ ಬೇಡ, ಹೆದರಿಕೆಯಿಂದ ತಿಂಗಳಿಗೊಮ್ಮೆ ಇಸಿಜಿಯೂ ಬೇಡ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಆಸ್ಪತ್ರೆಗಳ ಮುಂದೆ ನೆರೆದ ಜನರಲ್ಲಿ ಎಷ್ಟೋ ಮಂದಿಗೆ ಬೇಕಿದ್ದುದು ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ತಪಾಸಣೆ ಅಷ್ಟೇ. 30 ದಾಟಿದವರಿಗೆ ಬಿ.ಪಿ. ಮತ್ತು ಸಕ್ಕರೆಯನ್ನು ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿಯೇ ಉಚಿತವಾಗಿ ನೋಡುತ್ತಾರೆ, ಕೊಲೆಸ್ಟರಾಲಿಗೆ ಒಮ್ಮೆ ಶಿರಸಿಯಲ್ಲಿ ರಕ್ತ ಕೊಡಬೇಕು. ಮೂರರಲ್ಲಿ ಯಾವುದು ಹೆಚ್ಚಿದ್ದರೂ ಚಿಕಿತ್ಸೆ ಶುರುವಾಗಲಿ. ತಂಬಾಕು ಬಿಡಲು ನೆರವು ಬೇಕಿದ್ದರೆ 1800112356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಲಿ. ಮೂವರ ವರದಿಯೂ ಬಂದ ಮೇಲೆ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.